ಫಂಕ್ಷನ್ನಿನ ಮೊದಲ ಸಾಲು

ಕೇಳುಗರಿಗೆಲ್ಲ ನಮಸ್ಕಾರ. ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿ, ಈಗಷ್ಟೇ ಫಂಕ್ಷನ್ ಪಾಠದವರೆಗೆ ಬಂದಿರುವವರಿಗಾಗಿ ಇವತ್ತಿನ ಮಾತು. ಫಂಕ್ಷನ್ನಿನ ಹೆಸರು ಬರೆದು, ಕಂಸ ತೆರೆದು, ಅದರೊಳಗೆ ಎರಡು ಮೂರು ಹೆಸರು ಹಾಕುತ್ತೀರಲ್ಲ, ಅವೇ ಪ್ಯಾರಾಮೀಟರ್‌ಗಳು. ಬಹಳ ಜನ ಆ ಸಾಲನ್ನು ಗೀಚಿ ಮುಗಿಸಿ ಒಳಗಿನ ಲೆಕ್ಕಕ್ಕೆ ಓಡುತ್ತಾರೆ. ಓಡಬೇಡಿ. ಏನು ಬರಬೇಕು, ಯಾವ ಮಾನದಲ್ಲಿ ಬರಬೇಕು, ಎಷ್ಟರಿಂದ ಎಷ್ಟರವರೆಗೆ ಬರಬಹುದು, ಇದಿಷ್ಟೂ ಫಂಕ್ಷನ್ನಿನ ಬಾಗಿಲಲ್ಲೇ, ಅಂದರೆ ಮೊದಲ ಸಾಲುಗಳಲ್ಲೇ ಬರೆದಿರಬೇಕು.

ಪೈಥಾನ್‌ನಲ್ಲಿ ಸರಳ ಬಡ್ಡಿಯ ಫಂಕ್ಷನ್ ತೆಗೆದುಕೊಳ್ಳಿ. ಮೂರು ಪ್ಯಾರಾಮೀಟರ್: ಅಸಲಿಗೆ ಪಿ, ದರಕ್ಕೆ ಆರ್, ಅವಧಿಗೆ ಟಿ. ಮೂರನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಉತ್ತರ. ಅಸಲು 1,00,000, ದರ 8, ಅವಧಿ 2 ಎಂದು ಕೊಟ್ಟರೆ 16,000 ಬರುತ್ತದೆ. ಇನ್ನೊಬ್ಬರು ಶೇಕಡಾ ಎಂಟು ಅಂದರೆ 0.08 ತಾನೇ ಎಂದು ಅದನ್ನೇ ಕೊಡುತ್ತಾರೆ. ಉತ್ತರ 160. ಮತ್ತೊಬ್ಬರು ಅವಧಿಯನ್ನು ತಿಂಗಳಲ್ಲಿ, 24 ಎಂದು ಕೊಡುತ್ತಾರೆ. ಉತ್ತರ 1,92,000. ಎಲ್ಲೂ ಎರರ್ ಇಲ್ಲ, ಕೆಂಪು ಗೆರೆ ಇಲ್ಲ. ತಪ್ಪು ಅವರದಲ್ಲ, ಪಿ, ಆರ್, ಟಿ ಎಂದು ಬರೆದವರದು.

ಆರ್ ಬದಲು ರೇಟ್ ಅಂಡರ್‌ಸ್ಕೋರ್ ಪರ್ಸೆಂಟ್ ಎಂದು ಬರೆಯಿರಿ. ಟಿ ಬದಲು ಇಯರ್ಸ್. ಕಂಸದೊಳಗೆ ಮೊಟ್ಟಮೊದಲಿಗೆ ಒಂದು ನಕ್ಷತ್ರ ಚಿಹ್ನೆ, ಆಮೇಲೆ ಅಲ್ಪವಿರಾಮ ಹಾಕಿ. ಅದರ ಮುಂದಿನ ಪ್ಯಾರಾಮೀಟರ್‌ಗಳಿಗೆ ಹೆಸರು ಹೇಳಿಯೇ ಮೌಲ್ಯ ಕೊಡಬೇಕಾಗುತ್ತದೆ. ದರ ಅವಧಿಯ ಜಾಗಕ್ಕೆ ಹೋಗುವ ತಂಟೆ ಅಲ್ಲಿಗೆ ಮುಗಿಯಿತು. ಆಮೇಲೆ ಲೆಕ್ಕಕ್ಕೂ ಮೊದಲು ಎರಡು ಸಾಲು: ದರ ಸೊನ್ನೆಗಿಂತ ಕಡಿಮೆ ಅಥವಾ ನೂರಕ್ಕಿಂತ ಹೆಚ್ಚಿದ್ದರೆ ವ್ಯಾಲ್ಯೂಎರರ್, ಅಂದರೆ ಮೌಲ್ಯ ಸರಿಯಿಲ್ಲ ಎಂಬ ಎರರ್, ಎಬ್ಬಿಸಿ. ಇದಕ್ಕೆ ಅಸರ್ಟ್, ಅಂದರೆ ಷರತ್ತು ಸುಳ್ಳಾದರೆ ಎರರ್ ಕೊಡುವ ಸಾಲು, ಬಳಸಬೇಡಿ. ಪೈಥಾನನ್ನು ಮೈನಸ್ ದೊಡ್ಡ ಓ (-O) ಆಯ್ಕೆಯೊಂದಿಗೆ ಓಡಿಸಿದರೆ ಅಸರ್ಟ್ ಸಾಲುಗಳೆಲ್ಲ ಮಾಯ. ಹಾಗಿದ್ದರೂ 0.08 ಈ ತಪಾಸಣೆಯಲ್ಲಿ ನುಸುಳಿಬಿಡುತ್ತದೆ, ಅದು ಸೊನ್ನೆಗೂ ನೂರಕ್ಕೂ ನಡುವೆಯೇ ಇದೆಯಲ್ಲ. ಅದನ್ನು ತಡೆಯುವುದು ಹೆಸರು ಮಾತ್ರ.

ಮಿತಿ ಬರೆಯದಿದ್ದರೆ ಏನಾಗುತ್ತದೆ? 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರುವಿನಿಂದ ಏರಿಯಾನ್ 5 ರಾಕೆಟ್ ಮೊದಲ ಬಾರಿ ಮೇಲೇರಿತು. ಅದರ ದಿಕ್ಕು, ವೇಗ ಅಳೆಯುವ ಕಂಪ್ಯೂಟರಿನ ಸಾಫ್ಟ್‌ವೇರ್ ಹಳೆಯ ಏರಿಯಾನ್ 4ರದು. ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಮೌಲ್ಯ 64 ಬಿಟ್‌ನ ದಶಮಾಂಶ ಸಂಖ್ಯೆಯಾಗಿ ಬಂದು, 16 ಬಿಟ್‌ನ ಪೂರ್ಣಾಂಕವಾಗಿ ಬದಲಾಗಬೇಕಿತ್ತು. ಧನ, ಋಣ ಎರಡನ್ನೂ ಹಿಡಿಯುವ 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವುದು ಹೆಚ್ಚೆಂದರೆ 32,767. ಏರಿಯಾನ್ 4ರ ಹಾರಾಟದಲ್ಲಿ ಅದು ಸಾಕಾಗಿತ್ತು. ಹೊಸ ರಾಕೆಟ್ಟಿನ ಪಥವೇ ಬೇರೆ, ಅಡ್ಡ ವೇಗ ಬಹಳ ಹೆಚ್ಚು. ಸಂಖ್ಯೆ ಹಿಡಿಸಲಿಲ್ಲ, ಕಂಪ್ಯೂಟರ್ ನಿಂತಿತು. ಬದಲಿ ಕಂಪ್ಯೂಟರ್ ಇತ್ತಲ್ಲ ಅನ್ನಬಹುದು. ಇತ್ತು, ಅದರಲ್ಲೂ ಅದೇ ಸಾಫ್ಟ್‌ವೇರ್! ಅದು ಕ್ಷಣಾರ್ಧ ಮೊದಲೇ ನಿಂತುಹೋಗಿತ್ತು. ನಿಂತ ಕಂಪ್ಯೂಟರ್ ಕಳಿಸಿದ ದೋಷದ ವರದಿಯನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದು ಓದಿ, ನಳಿಕೆಗಳನ್ನು ಪೂರಾ ಒಂದು ಕಡೆಗೆ ತಿರುಗಿಸಿತು. ಹೊರಟು ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ರಾಕೆಟ್ ಚೂರುಚೂರು.

ಇನ್ನೊಂದು ಸಂಗತಿ ಕೇಳಿ. ಹೀಗೆ ಮಿತಿ ಮೀರಿ ಉಕ್ಕಬಹುದಾದ ಏಳು ಮೌಲ್ಯಗಳನ್ನು ಮೊದಲೇ ಗುರುತಿಸಿದ್ದರು. ನಾಲ್ಕಕ್ಕೆ ತಪಾಸಣೆ ಹಾಕಿದರು, ಮೂರಕ್ಕೆ ಬಿಟ್ಟರು. ಏಕೆಂದರೆ ಕಂಪ್ಯೂಟರಿನ ಕೆಲಸದ ಹೊರೆ 80 ಶೇಕಡಾ ದಾಟಬಾರದು ಎಂಬ ಗುರಿ ಇತ್ತು. ಆ ಮೂರು ಮಿತಿ ಮೀರುವುದಿಲ್ಲ ಎಂಬ ನಂಬಿಕೆಗೆ ಕಾರಣವೇನೆಂದು ತನಿಖೆಯವರು ಹುಡುಕಿದರೆ, ಸೋರ್ಸ್ ಕೋಡಿನಲ್ಲಿ ಅದರ ನೇರ ಉಲ್ಲೇಖವೇ ಇರಲಿಲ್ಲ. ಮಿತಿ ಕೋಡ್ ಬರೆದವರ ತಲೆಯಲ್ಲಿತ್ತು, ಬಾಗಿಲಲ್ಲಿ ಇರಲಿಲ್ಲ. ಅದೂ ಆ ಲೆಕ್ಕ ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ, ಸುಮ್ಮನೆ ಓಡುತ್ತಿತ್ತು! ಇದರ ಬಗ್ಗೆ ಇನ್ನೂ ಹೇಳುತ್ತ ಹೋಗಬಹುದು, ಆದರೆ ಗಡಿಯಾರ ನನ್ನ ಮುಂದೆಯೇ ಇದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ಯಾರಾಮೀಟರ್ ಪಕ್ಕದಲ್ಲಿ ಇಂಟ್, ಅಂದರೆ ಪೂರ್ಣಾಂಕ, ಎಂದು ಬರೆದರೆ ಪೈಥಾನ್ ಓಡುವಾಗ ತಾನಾಗಿ ತಪಾಸಣೆ ಮಾಡುವುದಿಲ್ಲ. ಕೀಬೋರ್ಡಿನಿಂದ ಇನ್‌ಪುಟ್ ಮೂಲಕ ಬಂದದ್ದು ಯಾವಾಗಲೂ ಅಕ್ಷರಗಳ ಸಾಲು, ಸಂಖ್ಯೆಯಲ್ಲ. 5 ಒತ್ತಿದವರಿಗೆ ಅದರ ಮೂರು ಪಟ್ಟು 15 ಅಲ್ಲ, 555. ಆದ್ದರಿಂದ ಬಾಗಿಲಲ್ಲೇ ಇಂಟ್‌ಗೆ ಬದಲಾಯಿಸಿ, ನಂತರ ಒಳಗೆ ಬಿಡಿ. ಸಿ ಭಾಷೆಯವರು ಮೆಮೊರಿಯಲ್ಲಿ ಒಂದೇ ಮೌಲ್ಯ ತುಂಬುವ ಮೆಮ್‌ಸೆಟ್ ಫಂಕ್ಷನ್ ನೋಡಿ: ವಿಳಾಸ, ತುಂಬಬೇಕಾದ ಮೌಲ್ಯ, ಎಷ್ಟು ಬೈಟ್, ಇದು ಕ್ರಮ. ಕೊನೆಯ ಎರಡನ್ನು ಅದಲುಬದಲು ಮಾಡಿ ಸೊನ್ನೆಯನ್ನು ಕೊನೆಗೆ ಕೊಟ್ಟರೆ ಸೊನ್ನೆ ಬೈಟ್ ತುಂಬುತ್ತದೆ, ಅಂದರೆ ಏನೂ ಆಗುವುದಿಲ್ಲ. ಎರಡೂ ಪೂರ್ಣಾಂಕವೇ ಆದ್ದರಿಂದ ಭಾಷೆಯ ನಿಯಮದ ಪ್ರಕಾರ ಅದು ತಪ್ಪೇ ಅಲ್ಲ.

ಕೊನೆಯದು, ಡಿಫಾಲ್ಟ್ ಮೌಲ್ಯ, ಅಂದರೆ ಕರೆಯುವವರು ಏನೂ ಕೊಡದಿದ್ದಾಗ ಬಳಸುವ ಮೌಲ್ಯ. ಪೈಥಾನ್‌ನಲ್ಲಿ ಖಾಲಿ ಪಟ್ಟಿಯನ್ನು ಡಿಫಾಲ್ಟ್ ಆಗಿ ಇಡಬೇಡಿ. ಆ ಪಟ್ಟಿ ಹುಟ್ಟುವುದು ಫಂಕ್ಷನ್ನಿನ ಮೊದಲ ಸಾಲಾದ ಡೆಫ್ ಸಾಲು ಓಡಿದಾಗ, ಒಂದೇ ಸಲ. ಮೊದಲ ಕರೆಯಲ್ಲಿ ಸೇರಿಸಿದ್ದು ಎರಡನೆಯ ಕರೆಯಲ್ಲೂ ಅಲ್ಲೇ ಕೂತಿರುತ್ತದೆ. ಡಿಫಾಲ್ಟ್ ಜಾಗದಲ್ಲಿ ನನ್ (None), ಅಂದರೆ ಏನೂ ಇಲ್ಲ ಎಂಬ ಪೈಥಾನ್ ಮೌಲ್ಯ, ಇಡಿ; ಒಳಗೆ, ಬಂದದ್ದು ನನ್ ಆಗಿದ್ದರೆ ಹೊಸ ಪಟ್ಟಿ ಮಾಡಿ. ಎರಡೇ ಸಾಲಿನ ಕೆಲಸ. ನಮಸ್ಕಾರ.