ಚಿನ್ನ ಕೆಂಪಾದಾಗ

ಕೇಳುಗರಿಗೆ ನಮಸ್ಕಾರ. ನ್ಯಾನೋ ಅಂದ ಕೂಡಲೇ ಹಲವರಿಗೆ ಆ ಪುಟ್ಟ ಕಾರು ನೆನಪಾಗುತ್ತದೆ. ಅದು ಈಗ ಬೇಡ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರಿನ ಕಣಗಳ ಲೋಕದಲ್ಲಿ ನೆನಪಿಡಬೇಕಾದ ಮಾತು ಒಂದೇ: ಗಾತ್ರ ಇಳಿದರೆ ಗುಣ ಬದಲಾಗುತ್ತದೆ.

ಉದ್ದ, ಅಗಲ, ಎತ್ತರ ಮೂರೂ ಒಂದು ಸೆಂಟಿಮೀಟರ್ ಇರುವ ಕಲ್ಲುಸಕ್ಕರೆ ತುಂಡು ತೊಗೊಳ್ಳಿ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಂಡು ಮಾಡಿದರೆ ಹೊರಮೈ 6,000 ಚದರ ಮೀಟರ್, ಅಂದರೆ ಹತ್ತಿರಹತ್ತಿರ ಒಂದೂವರೆ ಎಕರೆ! ರಾಸಾಯನಿಕ ಕ್ರಿಯೆ ಶುರುವಾಗೋದೇ ಹೊರಮೈಯಲ್ಲಿ.

ಲಂಡನ್ನಿನ ವಿಜ್ಞಾನಿ ಮೈಕೇಲ್ ಫ್ಯಾರಡೆ 1850ರ ದಶಕದಲ್ಲಿ ಚಿನ್ನದ ಕ್ಲೋರೈಡಿನ ತಿಳಿ ದ್ರಾವಣಕ್ಕೆ ರಂಜಕ ಸೇರಿಸಿದರು. ನೀರು ಮಾಣಿಕ್ಯದ ಹಾಗೆ ಕೆಂಪಾಯಿತು. ಹಳದಿ ಚಿನ್ನ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಅಷ್ಟು ಸಣ್ಣದಾಗಿತ್ತು. ಬೆಳಕಿನ ಕಿರಣ ಹಾಯಿಸಿದರೆ ದಾರಿ ಮಸುಕಾಗಿ ಕಾಣುತ್ತಿತ್ತು, ಕಿಂಡಿಯಿಂದ ಬಂದ ಬಿಸಿಲಲ್ಲಿ ಧೂಳು ಕಂಡ ಹಾಗೆ. ಉಪ್ಪು ಹಾಕಿದರೋ, ಕೆಂಪು ಹೋಗಿ ನೀಲಿ! ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪು ಆ ತಳ್ಳಾಟವನ್ನು ಅಡಗಿಸಿತು, ಕಣಗಳು ಗುಂಪುಗಟ್ಟಿದವು. ಫ್ಯಾರಡೆಯ ಆ ಬಾಟಲಿಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಇವತ್ತಿಗೂ ಇಟ್ಟುಕೊಂಡಿದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭ ಪರೀಕ್ಷೆಯ ಪಟ್ಟಿ ಇದೆಯಲ್ಲ, ಅದರಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಇದೇ ಚಿನ್ನದ್ದು. ಬಣ್ಣ ಹಚ್ಚಿದ್ದಲ್ಲ, ಕಣಗಳು ಬಂದು ಅಲ್ಲಿ ನಿಂತದ್ದು.

ಚಿನ್ನದ ಮಾತಲ್ಲೇ ಸಮಯ ಓಡಿತು, ಅಪಾಯದ ಮಾತು ಬೇಗ ಹೇಳಿಬಿಡುತ್ತೇನೆ. ಬೆಳ್ಳಿ ತಟ್ಟೆಯಲ್ಲಿ ಊಟ ಮಾಡ್ತೀವಲ್ಲ, ವಾಸನೆ ಬಾರದಿರಲಿ ಅಂತ ಬೆಳ್ಳಿಯ ನ್ಯಾನೋ ಕಣ ಸೇರಿಸಿದ ಕಾಲುಚೀಲಕ್ಕೇನು ತೊಂದರೆ ಅಂತ ಕೇಳುವವರಿದ್ದಾರೆ. ಸ್ವಾಮಿ, ಗಾತ್ರ ಇಳಿದರೆ ಗುಣ ಬದಲಾಗುತ್ತದೆ ಅಂತ ಆಗಲೇ ಹೇಳಿದೆ! ವಾಸನೆ ತರುವ ಬ್ಯಾಕ್ಟೀರಿಯಾ ಸಾಯುತ್ತವೆ, ಸರಿ. ಒಗೆದಾಗ ಬಿಟ್ಟುಕೊಂಡ ಬೆಳ್ಳಿ ಚರಂಡಿಗೆ ಹೋಗುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ ಮಾಡುವುದೂ ಬ್ಯಾಕ್ಟೀರಿಯಾಗಳೇ.

ಇಂಗಾಲದ ನ್ಯಾನೋ ಕೊಳವೆಗಳ ವಿಷಯ ಇನ್ನೂ ಗಂಭೀರ. ಉದ್ದನೆಯ, ಸೂಜಿಯಂಥ ಕೊಳವೆಗಳನ್ನು ನುಂಗಿ ಹಾಕಲು ದೇಹದ ರಕ್ಷಕ ಕೋಶಗಳಿಗೆ ಆಗುವುದಿಲ್ಲ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಎಳೆಯಂತೆ ಉರಿಯೂತ ತರುವುದು ಇಲಿಗಳಲ್ಲಿ ಕಂಡಿದೆ. ಇಂಥ ಪುಡಿ ಬಳಸುವ ಕಡೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮನೆಯಲ್ಲಿ? ಸತುವಿನ ಆಕ್ಸೈಡಿನ ನ್ಯಾನೋ ಕಣ ಇರುವ ಸನ್‌ಸ್ಕ್ರೀನ್ ಕ್ರೀಮು ಗಾಯವಿಲ್ಲದ ಚರ್ಮದ ಮೇಲ್ಪದರದಲ್ಲೇ ಉಳಿಯುತ್ತದೆ, ಹೆದರಬೇಡಿ. ಅದೇ ಸ್ಪ್ರೇ ಆದರೆ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮುಖಕ್ಕೆ ನೇರವಾಗಿ ಹೊಡೆದುಕೊಳ್ಳಬೇಡಿ, ಅಂಗೈಗೆ ಹಾಕಿಕೊಂಡು ಹಚ್ಚಿ. ಮಕ್ಕಳಿಗಂತೂ ಕ್ರೀಮೇ ಇರಲಿ. ನಮಸ್ಕಾರ.