ನನ್ನ ಫೈಲ್ ಸರ್ವರ್‌ಗೆ ಹೋಯ್ತಾ?

ನಮಸ್ಕಾರ.

ಒಂದು ಪುಟ್ಟ ಹಸಿರು ಗುರುತು. ಎರಡು ಬಾಣಗಳು ಒಂದರ ಬಾಲ ಒಂದು ಹಿಡಿದ ಹಾಗೆ ದುಂಡಗೆ ಸುತ್ತಿಕೊಂಡಿರುತ್ತವೆ. ಆಫೀಸಿನ ಲ್ಯಾಪ್‌ಟಾಪ್ ಬಳಸುವ ಬಹಳ ಜನ ಇದನ್ನು ತಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಮೇಲೆ ನೋಡಿರುತ್ತೀರಿ. ಹಸಿರು ಅಂದಮೇಲೆ ಎಲ್ಲ ಸರಿಯಾಗಿದೆ ಅಂತ ತಾನೇ ಅರ್ಥ?

ನಮ್ಮ ಅಕೌಂಟ್ಸ್ ವಿಭಾಗದ ಒಬ್ಬ ಮೇಡಂ ಹಾಗೇ ತಿಳಿದಿದ್ದರು. ನಾನು ಆಗ ಒಂದು ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್, ಅಂದರೆ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು. ಹೆಡ್ ಆಫೀಸ್ ಬೆಂಗಳೂರು. ಮೇಡಂ ಶಿರಸಿ ಬ್ರಾಂಚಿಗೆ ಸ್ಟಾಕ್ ಲೆಕ್ಕಕ್ಕೆ ಹೋಗಿದ್ದರು. ಜುಲೈ ತಿಂಗಳು. ಹಗಲು ಗೋಡೌನಿನಲ್ಲಿ ಮಾಲು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಸಂಜೆ ರೂಮಿಗೆ ಬಂದು ಎಕ್ಸೆಲ್‌ಗೆ ತುಂಬುವುದು. ಹೀಗೆ ಮೂರು ವಾರ. ಮಳೆಗೆ ಬ್ರಾಂಚಿನ ಲೈನ್ ಹೋಗುತ್ತಾ ಬರುತ್ತಾ ಇತ್ತು. ಅದಕ್ಕೇ ತಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು, ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಸೇರಿಸುವ ವಿಪಿಎನ್ ಮೂಲಕ ಕೆಲಸ ಮಾಡಿದರು. ಡೇಟಾ ಬೇಗ ಖಾಲಿಯಾಗಬಾರದು ಅಂತ ಆ ಹಾಟ್‌ಸ್ಪಾಟನ್ನು ವಿಂಡೋಸ್‌ನಲ್ಲಿ ಮೀಟರ್ಡ್ ಕನೆಕ್ಷನ್, ಅಂದರೆ ಡೇಟಾ ಲೆಕ್ಕ ಹಾಕಿ ಬಳಸಬೇಕಾದ ಸಂಪರ್ಕ, ಅಂತ ಗುರುತು ಮಾಡಿಕೊಂಡಿದ್ದರು. ಸ್ವಂತ ರೀಚಾರ್ಜ್ ನೋಡಿ, ಯಾರಾದರೂ ಮಾಡುವುದೇ.

ವಾಪಸ್ ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ, ಟಚ್‌ಪ್ಯಾಡ್ ಮೇಲಕ್ಕೆ ಎದ್ದು ನಿಂತಿತ್ತು. ಬೆಳಗ್ಗೆ ಬಂದವರೇ ಆನ್ ಕೂಡ ಮಾಡದೆ ನನ್ನ ಮೇಜಿನ ಮೇಲೆ ಇಟ್ಟರು. ನಾನು ಬೇರೆ ಲ್ಯಾಪ್‌ಟಾಪ್ ಕೊಟ್ಟೆ. ಹಳೆಯದರ ಡಿಸ್ಕ್ ಒರೆಸಿ, ಹೊಸದಾಗಿ ವಿಂಡೋಸ್ ಹಾಕಿ ಕಪಾಟಿಗೆ ಸೇರಿಸಿದೆ. ನಮ್ಮಲ್ಲಿ ಎಲ್ಲರ ಡಾಕ್ಯುಮೆಂಟ್ಸ್ ಫೋಲ್ಡರ್ ಹೆಡ್ ಆಫೀಸಿನ ಸರ್ವರ್‌ನಲ್ಲೇ, ಅಂದರೆ ಎಲ್ಲರ ಫೈಲ್ ಇಡುವ ಕೇಂದ್ರ ಕಂಪ್ಯೂಟರಿನಲ್ಲೇ, ಇರುವ ಹಾಗೆ ನಾನೇ ಸೆಟ್ ಮಾಡಿದ್ದೆ. ಲ್ಯಾಪ್‌ಟಾಪಿನಲ್ಲಿ ಏನಿರುತ್ತೆ ಅಂತ ನನ್ನ ಧೈರ್ಯ.

ಮಧ್ಯಾಹ್ನ ಮೇಡಂ ಬಂದರು. ಎಕ್ಸೆಲ್ ಫೈಲಿನಲ್ಲಿ ಶಿರಸಿಗೆ ಹೊರಟ ದಿನದ ತನಕ ಮಾತ್ರ ಲೆಕ್ಕ ಇದೆ ಅಂದರು. ಆಮೇಲೆ ಅವರು ಕೇಳಿದ ಒಂದು ಮಾತು ನನಗೆ ಇವತ್ತಿಗೂ ಮರೆತಿಲ್ಲ. "ಸರ್, ಹಸಿರು ಗುರುತು ಇತ್ತಲ್ವಾ?"

ಆ ಗುರುತಿನ ಅರ್ಥ ಇಷ್ಟೇ: ನೆಟ್‌ವರ್ಕ್ ಇಲ್ಲದಿದ್ದರೂ ಈ ಫೈಲ್ ನಿಮಗೆ ತೆರೆಯುತ್ತದೆ. ನೀವು ಬರೆದದ್ದು ಸರ್ವರ್ ತಲುಪಿದೆ ಅಂತ ಅದು ಹೇಳುವುದೇ ಇಲ್ಲ.

ಏನಾಯಿತು ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ವಿಂಡೋಸ್‌ನಲ್ಲಿ ಆಫ್‌ಲೈನ್ ಫೈಲ್ಸ್ ಅಂತ ಒಂದು ಸೌಲಭ್ಯ ಇದೆ. ವಿಂಡೋಸ್ 2000ದ ಜೊತೆ ಬಂದದ್ದು. ಸರ್ವರ್‌ನಲ್ಲಿರುವ ಫೈಲಿನ ಒಂದು ನಕಲನ್ನು ನಿಮ್ಮ ಕಂಪ್ಯೂಟರಿನಲ್ಲೇ, ವಿಂಡೋಸ್ ಫೋಲ್ಡರಿನ ಒಳಗೆ ಸಿಎಸ್‌ಸಿ ಅನ್ನುವ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಬಳಸುವವರಿಗೆ ಆ ಜಾಗ ತೆರೆಯಲು ಬರುವುದಿಲ್ಲ. ಲೈನ್ ಇಲ್ಲದಾಗ ನಕಲಿನ ಮೇಲೆ ಕೆಲಸ ಮಾಡುತ್ತೀರಿ, ಲೈನ್ ಬಂದಾಗ ಎರಡನ್ನೂ ತಾಳೆ ಹಾಕುತ್ತದೆ. ಇದಕ್ಕೇ ಸಿಂಕ್ ಅನ್ನುವುದು. ಒಳ್ಳೆಯ ಸೌಲಭ್ಯ, ಅದರಲ್ಲಿ ಎರಡು ಮಾತಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಆಫೀಸ್ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

ಇದನ್ನು ನಡೆಸುವ ಸೂತ್ರ ಇರುವುದು ಅಡ್ಮಿನ್ ಕೈಯಲ್ಲಿ. ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿ ತೆರೆದು, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ನೆಟ್‌ವರ್ಕ್, ಆಫ್‌ಲೈನ್ ಫೈಲ್ಸ್ ಅಂತ ಒಳಗೆ ಹೋದರೆ ಉದ್ದದ ಪಟ್ಟಿ. ಪ್ರತಿಯೊಂದಕ್ಕೂ ಮೂರು ಆಯ್ಕೆ: ನಾಟ್ ಕಾನ್ಫಿಗರ್ಡ್, ಎನೇಬಲ್ಡ್, ಡಿಸೇಬಲ್ಡ್. ಅದರಲ್ಲಿ ಎಷ್ಟೋ ಸೆಟ್ಟಿಂಗ್‌ಗಳ ಹೆಸರೇ 'ಬೇಡ' ಅಂತ ಶುರುವಾಗುತ್ತದೆ. ಬೇಡ ಅನ್ನುವುದನ್ನು ಎನೇಬಲ್ ಮಾಡಿದರೆ ಆ ಸೌಲಭ್ಯ ಹೋಗುತ್ತದೆ, ಡಿಸೇಬಲ್ ಮಾಡಿದರೆ ಉಳಿಯುತ್ತದೆ. ರಾತ್ರಿ ಹತ್ತು ಗಂಟೆಗೆ ಕೂತು ಇದನ್ನು ಮಾಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಏಮಾರಿಸುವುದು ನಾಟ್ ಕಾನ್ಫಿಗರ್ಡ್. ಅದನ್ನು ನೋಡಿದರೆ ಇಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ವಾಸ್ತವದಲ್ಲಿ ಅಲ್ಲಿ ಮೈಕ್ರೋಸಾಫ್ಟ್ ನಿಮ್ಮ ಪರವಾಗಿ ಒಂದು ತೀರ್ಮಾನ ತೆಗೆದುಕೊಂಡಿರುತ್ತದೆ. ಸ್ಲೋ ಲಿಂಕ್ ಮೋಡ್ ಅನ್ನುವುದನ್ನೇ ತೆಗೆದುಕೊಳ್ಳಿ. ಸರ್ವರ್‌ಗೆ ಹೋಗಿ ಬರುವ ದಾರಿ ನಿಧಾನ ಅನ್ನಿಸಿದರೆ, ವಿಂಡೋಸ್ ಸುಮ್ಮನೆ ನಿಮ್ಮನ್ನು ನಕಲಿನ ಕಡೆ ತಿರುಗಿಸಿಬಿಡುತ್ತದೆ. ನಿಧಾನ ಅಂದರೆ ಎಷ್ಟು? ಏನೂ ಹೇಳದೆ ಬಿಟ್ಟರೆ, ವಿಂಡೋಸ್ ವಿಸ್ಟಾದಲ್ಲಿ ಆ ತಿರುಗಿಸುವ ಕೆಲಸವೇ ನಡೆಯುವುದಿಲ್ಲ. ವಿಂಡೋಸ್ 7ರಲ್ಲಿ 80 ಮಿಲಿಸೆಕೆಂಡ್ ದಾಟಿದರೆ ನಿಧಾನ. ವಿಂಡೋಸ್ 8ರಲ್ಲಿ ಅದು 35ಕ್ಕೆ ಇಳಿಯಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಆದರೆ ಹೊಸ ವಿಂಡೋಸ್ ಬಂದ ಹಾಗೆಲ್ಲ ನನ್ನ ಖಾಲಿ ಬಿಟ್ಟ ಸೆಟ್ಟಿಂಗಿನ ಅರ್ಥ ಬದಲಾಗುತ್ತಾ ಬಂದಿತ್ತು.

ಶಿರಸಿಯಲ್ಲಿ ಫೋನಿನ ಹಾಟ್‌ಸ್ಪಾಟ್, ಅದರ ಮೇಲೆ ವಿಪಿಎನ್. 35 ಮಿಲಿಸೆಕೆಂಡ್ ಎಲ್ಲಿಂದ ಬರಬೇಕು? ಆಮೇಲೆ ಅಲ್ಲಿನವರ ಹತ್ತಿರ ಪಿಂಗ್ ಮಾಡಿಸಿ, ಅಂದರೆ ಸರ್ವರ್‌ಗೆ ಹೋಗಿ ಬರುವ ಸಮಯ ಅಳೆಸಿ, ನೋಡಿದಾಗ ಅದರ ದುಪ್ಪಟ್ಟು ಬರುತ್ತಿತ್ತು. ಅಂದರೆ ಮೇಡಂ ಮೂರು ವಾರವೂ ನಕಲಿನ ಮೇಲೇ ಬರೆದಿದ್ದಾರೆ. ಅದೂ ಪರವಾಗಿಲ್ಲ. ಸ್ಲೋ ಲಿಂಕ್‌ನಲ್ಲಿದ್ದರೂ ವಿಂಡೋಸ್ ಹಿಂದಿನಿಂದ ಆಗಾಗ ಸಿಂಕ್ ಮಾಡುತ್ತದೆ. 7ರಲ್ಲಿ 360 ನಿಮಿಷಕ್ಕೊಮ್ಮೆ, 8ರಲ್ಲಿ 120 ನಿಮಿಷಕ್ಕೊಮ್ಮೆ. ಆದರೆ ಅದಕ್ಕೂ ಒಂದು ಷರತ್ತು ಇದೆ. ದುಡ್ಡು ಬೀಳುವ ನೆಟ್‌ವರ್ಕ್ ಮೇಲೆ ಸಿಂಕ್ ಮಾಡಬಹುದು ಅಂತ ಅಡ್ಮಿನ್ ಬೇರೆಯಾಗಿ ಹೇಳದಿದ್ದರೆ, ಮೀಟರ್ಡ್ ನೆಟ್‌ವರ್ಕ್‌ನಲ್ಲಿ ಡೇಟಾ ಮಿತಿ ಹತ್ತಿರ ಬಂದಾಗ, ಮಿತಿ ದಾಟಿದಾಗ ಅಥವಾ ರೋಮಿಂಗ್‌ನಲ್ಲಿದ್ದಾಗ ಆ ಹಿಂದಿನ ಸಿಂಕ್ ನಿಂತುಬಿಡುತ್ತದೆ. ಮೇಡಂ ಮೀಟರ್ಡ್ ಅಂತ ಗುರುತು ಮಾಡಿದ್ದರು, ಡೇಟಾ ಮಿತಿಯೂ ಅಂಚಿನಲ್ಲೇ ಇತ್ತು. ನಾನು ಆ ಸೆಟ್ಟಿಂಗನ್ನು ಮುಟ್ಟಿರಲಿಲ್ಲ. ನನ್ನದು ಖಾಲಿ ಬಿಟ್ಟಿದ್ದು, ಅವರದು ನಾಲ್ಕು ಕಾಸು ಉಳಿಸಿದ್ದು. ಎರಡೂ ಸೇರಿ ಮೂರು ವಾರ ಒಂದು ಫೈಲೂ ಬೆಂಗಳೂರಿಗೆ ಬರಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅವರಿಗೆ ಇದು ಯಾಕೆ ಗೊತ್ತಾಗಲಿಲ್ಲ? ಯಾಕೆಂದರೆ ಗೊತ್ತಾಗುವ ದಾರಿಗಳನ್ನೆಲ್ಲ ನಾನೇ ಮುಚ್ಚಿದ್ದೆ. ಕಂಟ್ರೋಲ್ ಪ್ಯಾನೆಲ್ ಬಂದ್. ಸಿಂಕ್ ಆಯಿತೇ ಇಲ್ಲವೇ ಅಂತ ತೋರಿಸುವ ಸಿಂಕ್ ಸೆಂಟರ್ ಅದರ ಒಳಗೇ ಇರುವುದು, ಅದೂ ಸಿಗದು. ಆಫ್‌ಲೈನ್ ಫೈಲ್ಸ್ ಸೆಟ್ಟಿಂಗ್ ಬಳಸುವವರು ಮುಟ್ಟಬಾರದು ಅಂತ ಒಂದು ಪಾಲಿಸಿ. ಇದೆಲ್ಲ ಮಾಡಿದ್ದು ಕೆಟ್ಟ ಮನಸ್ಸಿನಿಂದ ಅಲ್ಲ. ಜನ ಏನೇನೋ ಒತ್ತಿ ಕೆಡಿಸುತ್ತಾರೆ, ಆಮೇಲೆ ನಮಗೆ ಫೋನ್ ಬರುತ್ತದೆ ಅಂತ. ಅಡ್ಮಿನ್ ಕೆಲಸ ಮಾಡುವವರು ಹೆಚ್ಚಿನವರು ಹೀಗೇ ಯೋಚಿಸುತ್ತೇವೆ.

ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ನಾವು ಒಂದೇ ಅಂತ ಕಟ್ಟಿಬಿಟ್ಟಿದ್ದೇವೆ. ಬದಲಾಯಿಸುವ ಅಧಿಕಾರ ಒಂದು, ನೋಡುವ ಹಕ್ಕು ಇನ್ನೊಂದು. ಬಸ್ಸಿನ ಸ್ಟೇರಿಂಗ್ ಡ್ರೈವರ್ ಕೈಯಲ್ಲೇ ಇರಬೇಕು. ಅದಕ್ಕೆ ಬಸ್ಸಿನ ಬೋರ್ಡ್ ಯಾಕೆ ಕಿತ್ತು ಹಾಕಬೇಕು? ಹತ್ತಿದವರಿಗೆ ಬಸ್ ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗಬೇಡವೇ? ಸೆಟ್ಟಿಂಗ್ ಕಿತ್ತುಕೊಳ್ಳಿ, ಬೇಕಾದರೆ ಎಲ್ಲವನ್ನೂ ಕಿತ್ತುಕೊಳ್ಳಿ. ಫೈಲ್ ಕೊನೆಯ ಸಲ ಸರ್ವರ್ ತಲುಪಿದ್ದು ಯಾವಾಗ ಅನ್ನುವುದು ಮಾತ್ರ ಆ ಫೈಲ್ ಬರೆದವರಿಗೆ ಕಾಣಲೇಬೇಕು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಅಧಿಕಾರ ಕಿತ್ತುಕೊಳ್ಳುವುದನ್ನು ನಾನು ಬೆಂಬಲಿಸುತ್ತೇನೆ ಅಂದೆ, ಅದೂ ಸುಮ್ನೆ ಹೇಳಿದ್ದಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ವರ್ಕ್ ಆಫ್‌ಲೈನ್ ಅಂತ ಒಂದು ಬಟನ್ ಇದೆ. ಕೈತಪ್ಪಿ ಒತ್ತಿ, ತಿಂಗಳುಗಟ್ಟಲೆ ಆಫ್‌ಲೈನ್‌ನಲ್ಲೇ ಉಳಿದವರನ್ನು ಕಂಡಿದ್ದೇನೆ. ಆ ಬಟನ್ ತೆಗೆಯುವ ಪಾಲಿಸಿ ಇದೆ, ತೆಗೆಯಿರಿ. ಲ್ಯಾಪ್‌ಟಾಪ್ ಕಳುವಾದರೆ ನಕಲುಗಳೂ ಕಳುವಾದಂತೆಯೇ, ಆದ್ದರಿಂದ ಆ ನಕಲುಗಳ ಜಾಗವನ್ನು, ಅಂದರೆ ಕ್ಯಾಶನ್ನು, ಬೇರೆಯವರು ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ಇಡೀ ಡಿಸ್ಕಿಗೆ ಬಿಟ್‌ಲಾಕರ್ ಅನ್ನುವ ಬೀಗ ಹಾಕಿ, ಯಾರನ್ನೂ ಕೇಳಬೇಡಿ. ಎರಡು ನೆಟ್‌ವರ್ಕ್ ಬೆಸೆಯುವ ನೆಟ್‌ವರ್ಕ್ ಬ್ರಿಡ್ಜ್, ಇಂಟರ್ನೆಟ್ ಹಂಚಿಕೆ, ಇವನ್ನೆಲ್ಲ ಆಫೀಸಿನ ನೆಟ್‌ವರ್ಕ್‌ನಲ್ಲಿ ತಡೆಯುವ ಪಾಲಿಸಿಗಳೂ ಸರಿ.

ಆದರೆ ಅಲ್ಲೂ ಅದೇ ಕಾಯಿಲೆ ನೋಡಿ. ಆಫೀಸಿನ ತಂತಿ ಚುಚ್ಚಿದ ಕೂಡಲೇ ವೈಫೈ ಬಿಟ್ಟುಬಿಡುವ ಹಾಗೆ ಮಾಡುವ ಒಂದು ಪಾಲಿಸಿ ಇದೆ. ಕಾರಣ ಸರಿಯಾಗಿಯೇ ಇದೆ. ಒಂದು ಕಡೆ ಆಫೀಸ್ ನೆಟ್‌ವರ್ಕ್, ಇನ್ನೊಂದು ಕಡೆ ಹೊರಗಿನ ವೈಫೈ, ಎರಡಕ್ಕೂ ಒಟ್ಟಿಗೆ ಬಾಗಿಲು ತೆರೆದಿರಬಾರದು. ಆದರೆ ಎದುರಿಗೆ ಕೂತವರಿಗೆ ಕಾಣುವುದು ವೈಫೈ ಕೆಟ್ಟಿದೆ ಅಂತ ಅಷ್ಟೇ. ಒಬ್ಬರು ಅದನ್ನೇ ನಂಬಿ, ಸ್ವಂತ ದುಡ್ಡಿನಲ್ಲಿ ಯುಎಸ್‌ಬಿ ವೈಫೈ ಅಡಾಪ್ಟರ್ ಕೊಂಡು ತಂದಿದ್ದರು. ಎರಡು ಸಾಲಿನ ಒಂದು ಮೇಲ್ ಕಳಿಸಿದ್ದರೆ ಅವರ ದುಡ್ಡು ಉಳಿಯುತ್ತಿತ್ತು.

ವಿಂಡೋಸ್ ಏನೂ ಹೇಳುವುದಿಲ್ಲ ಅಂತಲ್ಲ. ಸೆಟ್ಟಿಂಗ್ಸ್ ತೆರೆದರೆ, ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಅಂತ ಒಂದು ಸಾಲು ಬರುತ್ತದೆ. ಯಾವ ಸೆಟ್ಟಿಂಗ್? ಯಾಕೆ? ಯಾರನ್ನು ಕೇಳಬೇಕು? ಆ ಸಾಲಿನಲ್ಲಿ ಯಾವುದಕ್ಕೂ ಉತ್ತರ ಇಲ್ಲ.

ಈಗ ಅನೇಕ ಕಡೆ ಆಫ್‌ಲೈನ್ ಫೈಲ್ಸ್ ಬಿಟ್ಟು, ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಕಡೆ ಹೋಗಿದ್ದಾರೆ. ಅಲ್ಲೂ ಮೀಟರ್ಡ್ ನೆಟ್‌ವರ್ಕ್ ಸಿಕ್ಕರೆ ಸಿಂಕ್ ನಿಲ್ಲುತ್ತದೆ, ಅಲ್ಲೂ ಅದನ್ನು ಬದಲಾಯಿಸುವ ಪಾಲಿಸಿ ಅಡ್ಮಿನ್ ಹತ್ತಿರವೇ ಇದೆ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮೆಚ್ಚಲೇಬೇಕು. ಸಿಂಕ್ ನಿಲ್ಲಿಸಿದ್ದೇನೆ ಅಂತ ಅದು ಮುಖಕ್ಕೆ ಹೇಳುತ್ತದೆ. ಗೂಗಲ್ ಡ್ರೈವ್ ಬಳಸುವ ಆಫೀಸುಗಳಲ್ಲೂ, ಆಫ್‌ಲೈನ್ ಬಳಕೆ ಯಾರಿಗೆ ಇರಬೇಕು ಅಂತ ತೀರ್ಮಾನಿಸುವುದು ಅಡ್ಮಿನ್ನೇ. ಹಾಗಾಗಿ ಇದು ಹಳೇ ವಿಂಡೋಸ್ ಕಥೆ, ನಮಗ್ಯಾಕೆ ಅಂದುಕೊಳ್ಳಬೇಡಿ.

ಅಡ್ಮಿನ್ ಗೆಳೆಯರಿಗೆ ನನ್ನ ಕಡೆಯಿಂದ ಕೆಲವು ಮಾತು. ಫೋಲ್ಡರ್ ರಿಡೈರೆಕ್ಷನ್ ಮಾಡಿದರೆ, ಅಂದರೆ ಬಳಸುವವರ ಫೋಲ್ಡರನ್ನು ಸರ್ವರ್ ಕಡೆ ತಿರುಗಿಸಿದರೆ, ಆ ಫೋಲ್ಡರುಗಳ ನಕಲು ತಾನಾಗಿಯೇ ಆಫ್‌ಲೈನ್‌ನಲ್ಲೂ ಸಿಗುವಂತಾಗುತ್ತದೆ, ಇದನ್ನು ಮೊದಲು ನೆನಪಿಡಿ. ಮೇಜು ಬಿಟ್ಟು ಕದಲದ ಡೆಸ್ಕ್‌ಟಾಪ್‌ಗೆ ಅದು ಯಾಕೆ? ಡೆಸ್ಕ್‌ಟಾಪ್‌ಗಳನ್ನು ಬೇರೆ ಗುಂಪು ಮಾಡಿ, ಅಲ್ಲಿ ಆಫ್‌ಲೈನ್ ಫೈಲ್ಸ್ ಪೂರ್ತಿ ಆಫ್ ಮಾಡಿ. ಊರೂರು ತಿರುಗುವವರ ಲ್ಯಾಪ್‌ಟಾಪಿಗೆ, ದುಡ್ಡು ಬೀಳುವ ನೆಟ್‌ವರ್ಕ್ ಮೇಲೂ ಸಿಂಕ್ ಆಗುವ ಹಾಗೆ ಮಾಡಿ. ಆ ಡೇಟಾ ಖರ್ಚು ಕಂಪನಿ ಕೊಡಲಿ. ಮೇಡಂ ಸ್ವಂತ ರೀಚಾರ್ಜ್ ಉಳಿಸಲು ಹೋಗಿದ್ದೇ ಕಂಪನಿ ಕೊಡದೆ ಇದ್ದದ್ದಕ್ಕೆ. ಇದನ್ನು ನಾನು ಮ್ಯಾನೇಜ್‌ಮೆಂಟ್ ಮುಂದೆಯೂ ಹೇಳಿದ್ದೇನೆ. ಕಂಟ್ರೋಲ್ ಪ್ಯಾನೆಲ್ ಮುಚ್ಚುವುದಾದರೆ, ಪೂರ್ತಿ ಮುಚ್ಚುವ ಪಾಲಿಸಿ ಬೇಡ, ಬೇಡದ್ದನ್ನು ಮಾತ್ರ ಬಚ್ಚಿಡುವ ಪಾಲಿಸಿ ಇದೆ. ಸಿಂಕ್ ಸೆಂಟರ್ ಬಿಟ್ಟು ಉಳಿದದ್ದು ಮುಚ್ಚಿ. ಇನ್ನೊಂದು, ಪ್ರತಿ ಸೆಟ್ಟಿಂಗಿನ ಜೊತೆ ಕಾಮೆಂಟ್ ಅಂತ ಒಂದು ಖಾಲಿ ಜಾಗ ಇರುತ್ತದೆ. ನಾನು ನೋಡಿದ ಹೆಚ್ಚಿನ ಕಡೆ ಅದು ಖಾಲಿಯೇ. ಯಾವಾಗ ಹಾಕಿದಿರಿ, ಯಾಕೆ ಹಾಕಿದಿರಿ ಅಂತ ಎರಡು ಸಾಲು ಬರೆಯಿರಿ. ನಿಮ್ಮ ನಂತರ ಬರುವವರು ನಿಮ್ಮನ್ನು ನೆನೆಯುತ್ತಾರೆ.

ಸಿಂಕ್ ಕೈಕೊಟ್ಟಾಗ ಆ ಕ್ಯಾಶನ್ನೇ ಫಾರ್ಮ್ಯಾಟ್ ಮಾಡುವ, ಅಂದರೆ ಪೂರ್ತಿ ಅಳಿಸುವ, ಒಂದು ಉಪಾಯ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಮಾಡುವುದು) ನಮ್ಮಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತದೆ. ಒಂದು ಸೊನ್ನೆ ಒಂದಾಗಿಸಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು, ಎಲ್ಲ ಸಲೀಸು. ಆದರೆ ಸರ್ವರ್‌ಗೆ ಹೋಗದೆ ಉಳಿದ ಕೆಲಸವೂ ಅದರ ಜೊತೆ ಮುಗಿಯುತ್ತದೆ. ದಯವಿಟ್ಟು, ಲ್ಯಾಪ್‌ಟಾಪಿನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಅದನ್ನು ಮಾಡಬೇಡಿ.

ಇನ್ನು ಅಡ್ಮಿನ್ ಅಲ್ಲದ ನೀವೆಲ್ಲ. ನಾಳೆ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ಸರ್ವರ್‌ನಲ್ಲಿದೆ ಅಂತ ನೀವು ನಂಬಿರುವ ಫೋಲ್ಡರ್ ತೆರೆಯಿರಿ. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಆಫ್‌ಲೈನ್ ಸ್ಟೇಟಸ್ ಅಂತ ಏನಾದರೂ ಬರೆದಿದೆಯಾ ನೋಡಿ. ಆನ್‌ಲೈನ್ ಅಂತ ಇದ್ದರೆ ಸರಿ. ಆಫ್‌ಲೈನ್, ಪಕ್ಕದಲ್ಲಿ ಸ್ಲೋ ಕನೆಕ್ಷನ್ ಅಂತ ಇದ್ದರೆ, ನೀವು ನಕಲಿನ ಮೇಲೆ ಕೂತಿದ್ದೀರಿ. ಆಗ ನಿಮ್ಮ ಐಟಿಯವರಿಗೆ ಫೋನ್ ಮಾಡಿ, "ನನ್ನ ಫೈಲ್ ಕೊನೆಯ ಸಲ ಸರ್ವರ್‌ಗೆ ಹೋದದ್ದು ಯಾವಾಗ?" ಅಂತ ಕೇಳಿ. ಕೇಳಲು ಸಂಕೋಚ ಬೇಡ. ಆ ಕೆಲಸ ನಿಮ್ಮದು.

ಮೇಡಂ ಕೆಲಸದ ಕಥೆ ಏನಾಯಿತು ಅಂತ ಕೇಳುತ್ತೀರಿ. ಒರೆಸಿದ ಡಿಸ್ಕಿನಿಂದ ಏನೂ ವಾಪಸ್ ಬರಲಿಲ್ಲ. ಗೋಡೌನಿನಲ್ಲಿ ಬರೆದುಕೊಂಡ ನೋಟ್‌ಬುಕ್ ಅವರ ಬ್ಯಾಗಿನಲ್ಲಿತ್ತು. ಮಳೆಗೆ ನೆಂದು ಅಂಚುಗಳು ಉಬ್ಬಿದ್ದವು, ಆದರೆ ಅಂಕಿಗಳು ಓದಲು ಬರುತ್ತಿದ್ದವು. ಅವರು ಓದುತ್ತಾ ಹೋದರು, ನಾನು ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಾ ಹೋದೆ. ಆರು ದಿನ ಹಿಡಿಯಿತು. ಆ ಆರು ದಿನವೂ ಪ್ರತಿ ಸಂಜೆ ಎದ್ದು ಹೋಗುವ ಮುಂಚೆ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಸರ್ವರ್‌ಗೆ ಹೋಯ್ತಾ ಸರ್?" ನಾನು ಸ್ಕ್ರೀನ್ ಅವರ ಕಡೆ ತಿರುಗಿಸುತ್ತಿದ್ದೆ. ಅವರೇ ಸಮಯ ಓದಿ ನೋಡಿಕೊಂಡು ಹೋಗುತ್ತಿದ್ದರು.