ಕಳ್ಳನೋ ಮನೆಯಳಿಯನೋ: ಲ್ಯಾನಿಸ್ಟರ್ ವಂಶದ ಮೂಲಪುರುಷ

ಮಾನ್ಯ ಅಧ್ಯಕ್ಷರೇ, ಸಹೃದಯರೇ,

ನನಗಿಂತ ಮೊದಲು ಮಾತನಾಡಿದ ಮಿತ್ರರು 'ಗೇಮ್ ಆಫ್ ಥ್ರೋನ್ಸ್' ಕಾದಂಬರಿಗಳ ಕಲ್ಪಿತ ಲೋಕದ ಸ್ಟಾರ್ಕ್ ಮನೆತನದ ಮೂಲಪುರುಷ ಬ್ರ್ಯಾಂಡನ್ ಮಹಾಗೋಡೆಯನ್ನು ಕಟ್ಟಿದ ಕಥೆಯನ್ನು ಭಕ್ತಿಯಿಂದಲೇ ಹೇಳಿದರು. ಗೋಡೆ ಕಟ್ಟಿದ ಅಜ್ಜನನ್ನು ಹೊಗಳುವುದು ಸುಲಭ. ನನ್ನ ಪಾಲಿಗೆ ಬಂದಿರುವ ಚತುರ ಲ್ಯಾನ್ ಬೇರೊಂದು ಕುಲದವರು ತಲೆಮಾರುಗಳಿಂದ ಬಾಳಿದ್ದ ಕ್ಯಾಸ್ಟರ್ಲಿ ರಾಕ್ ಎಂಬ ಬಂಡೆಗೋಟೆಯನ್ನು ಆಯುಧವಿಲ್ಲದೆ ಲಪಟಾಯಿಸಿದವನು. ಇಂಥವನನ್ನು ಲ್ಯಾನಿಸ್ಟರರು ಸಾವಿರಾರು ವರ್ಷ ಹೆಮ್ಮೆಯಿಂದ ಏಕೆ ನೆನೆದರು? ಮೂಲಪುರುಷನನ್ನು ಹೆರುವವರು ಅವನ ಮೊಮ್ಮಕ್ಕಳು ಎಂಬ ನನ್ನ ಹಳೆಯ ವಾದವನ್ನು ಕೇಳಿ ಬೇಸತ್ತವರು ಇಲ್ಲಿದ್ದರೆ ಕ್ಷಮಿಸಬೇಕು, ಇಂದೂ ಅದನ್ನೇ ಹೇಳಲಿದ್ದೇನೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಮತ್ತು ಇಬ್ಬರು ಸಹಲೇಖಕರ 2014ರ 'ದಿ ವರ್ಲ್ಡ್ ಆಫ್ ಐಸ್ ಅಂಡ್ ಫೈರ್' ಕೃತಿಯಲ್ಲಿ ಲ್ಯಾನ್‌ನ ಕಥೆ ಹಲವು ಪಾಠಾಂತರಗಳಲ್ಲಿ ಬರುತ್ತದೆ. ನನಗೆ ಬಲು ಪ್ರಿಯವಾದುದರಲ್ಲಿ, ಬಂಡೆಯೊಳಕ್ಕೆ ಹೋಗುವ ಒಂದು ಬಿರುಕು ಲ್ಯಾನ್‌ನ ಕಣ್ಣಿಗೆ ಬೀಳುತ್ತದೆ. ಅದು ಎಷ್ಟು ಇಕ್ಕಟ್ಟೆಂದರೆ ಅವನು ಬಟ್ಟೆ ಕಳಚಿ ಮೈತುಂಬ ಬೆಣ್ಣೆ ಬಳಿದುಕೊಂಡು ನುಸುಳಬೇಕಾಗುತ್ತದೆ. ಬೆಣ್ಣೆ ಎಂದೊಡನೆ ನಮಗೆ ಇನ್ನೊಬ್ಬ ಕಳ್ಳ ನೆನಪಾಗುತ್ತಾನೆ, ಆದರೆ ಅವನು ಬೆಣ್ಣೆಯನ್ನು ಕದ್ದ, ಇವನು ಬೆಣ್ಣೆಯಿಂದ ಕದ್ದ. ಒಳಹೊಕ್ಕ ಲ್ಯಾನ್ ಮಲಗಿದ್ದವರ ಕಿವಿಯಲ್ಲಿ ಬೆದರಿಕೆಯ ಮಾತುಗಳನ್ನು ಪಿಸುಗುಟ್ಟಿದ, ಕತ್ತಲಲ್ಲಿ ಭೂತದಂತೆ ಊಳಿಟ್ಟ, ಅಣ್ಣನ ಒಡವೆಯನ್ನು ತಮ್ಮನ ಕೋಣೆಯಲ್ಲಿ ಬಚ್ಚಿಟ್ಟ. ಕೊನೆಗೆ ಕ್ಯಾಸ್ಟರ್ಲಿಗಳು ತಮ್ಮತಮ್ಮಲ್ಲೇ ಕಾದಾಡಿ, ಮನೆಗೆ ಪೀಡೆ ಹೊಕ್ಕಿದೆಯೆಂದು ನಂಬಿ ಬಂಡೆಯನ್ನೇ ತೊರೆದರು. ಇಲಿಗಳನ್ನು ತುಂಬಿದ ಕಥೆ, ಸಿಂಹಗಳನ್ನು ನುಗ್ಗಿಸಿದ ಕಥೆಗಳೂ ಇವೆ. ಅವುಗಳಲ್ಲಿ ಈ ಸೊಗಸಿಲ್ಲ.

ಲ್ಯಾನ್ ಸೂರ್ಯನಿಂದ ಚಿನ್ನ ಕದ್ದು ತನ್ನ ಕೂದಲಿಗೆ ಹೊಳಪು ತಂದನೆಂಬ ಮಾತನ್ನು ನೀವೆಲ್ಲ ಬಲ್ಲಿರಿ. ಅವನು ಓಡಿಸಿದ ಕುಲದ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಕ್ಯಾಸ್ಟರ್ಲಿಗಳ ಪೂರ್ವಜ, ಕ್ಯಾಸ್ಟರನ ಮಗ ಕೋರ್ಲೋಸ್ ಊರಿನ ಕುರಿಗಳನ್ನು ಹಿಡಿಯುತ್ತಿದ್ದ ಸಿಂಹವನ್ನು ಗವಿಯವರೆಗೆ ಬೆನ್ನಟ್ಟಿ ಕೊಂದು, ಮರಿಗಳನ್ನು ಉಳಿಸಿದಾಗ, ಮೆಚ್ಚಿದ ದೇವರುಗಳು ಗವಿಯೊಳಕ್ಕೆ ಬಿಸಿಲಕೋಲನ್ನು ಕಳಿಸಿ ಚಿನ್ನವನ್ನು ತೋರಿಸಿದರಂತೆ. ಲ್ಯಾನಿಸ್ಟರರ ಲಾಂಛನದ ಸಿಂಹ, ಅವರ ಕಥೆಯ ಸೂರ್ಯ, ಚಿನ್ನ ಮೂರೂ ಇಲ್ಲೇ ಇವೆ! ಮೊಮ್ಮಕ್ಕಳು ಅಜ್ಜನನ್ನು ಹೆರುವಾಗ ಕ್ಯಾಸ್ಟರ್ಲಿಗಳ ತೊಟ್ಟಿಲನ್ನೇ ಎತ್ತಿಕೊಂಡು ಬಂದಂತಿದೆ.

ಆರ್ಚ್‌ಮೇಸ್ಟರ್ ಪೆರೆಸ್ಟನ್ ಎಂಬ ವಿದ್ವಾಂಸನ ಊಹೆ ತೀರ ಸಪ್ಪೆಯಾದುದು, ಆದ್ದರಿಂದಲೇ ನಂಬತಕ್ಕದ್ದು. ಲ್ಯಾನ್ ಪ್ರಾಯಶಃ ಕ್ಯಾಸ್ಟರ್ಲಿಗಳ ಊಳಿಗದಲ್ಲಿದ್ದವನು, ಒಡೆಯನ ಮಗಳು ಅವನಿಂದ ಬಸಿರಾದಳು, ಮದುವೆಯಾಯಿತು, ಗಂಡು ವಾರಸುದಾರರಿಲ್ಲದೆ ಬಂಡೆ ಅಳಿಯನ ಕೈಸೇರಿತು. ಅಂದರೆ ನಮ್ಮ ಕಡೆಯ ಮಾತಿನಲ್ಲಿ ಮನೆಯಳಿಯ. ಸಭೆಯಲ್ಲಿ ಮನೆಯಳಿಯಂದಿರು ಯಾರಾದರೂ ಇದ್ದರೆ ಬೇಸರಿಸಬಾರದು, ಆದರೆ ಸಿಂಹಲಾಂಛನದ ಅರಸುಮನೆತನಕ್ಕೆ ಕಳ್ಳನ ಮೊಮ್ಮಕ್ಕಳೆನ್ನಿಸಿಕೊಳ್ಳುವುದು ಊಳಿಗದವನ ಮೊಮ್ಮಕ್ಕಳೆನ್ನಿಸಿಕೊಳ್ಳುವುದಕ್ಕಿಂತ ಹಿತವಾಗಿ ಕಂಡಿರಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಲ್ಯಾನ್‌ನ 312 ವರ್ಷದ ಆಯಸ್ಸು, ನೂರು ಗಂಡು ನೂರು ಹೆಣ್ಣುಮಕ್ಕಳು, ಕದ್ದ ಮನೆಯಲ್ಲಿ ಕುಳಿತು ಸಾಲ ತೀರಿಸುವುದರ ಹಿರಿಮೆ ಸಾರಿದ ವಂಶಜರು, ಇವನ್ನೆಲ್ಲ ಬಿಡುತ್ತೇನೆ. ಒಂದನ್ನು ಮಾತ್ರ ಹೇಳಿಬಿಡುವೆ. ಮುಂದೆ ದೊರೆ ಮೂರನೆಯ ಗೆರಾಲ್ಡ್ ಗಂಡುಸಂತಾನವಿಲ್ಲದೆ ತೀರಿಕೊಂಡಾಗ, ಅವನ ಅಳಿಯನಾದ, ಕಡಲಾಚೆಯಿಂದ ಬಂದ ಆಂಡಲ್ ಕುಲದ ಜೋಫ್ರಿ ಲಿಡನ್, ಲ್ಯಾನಿಸ್ಟರ್ ಎಂದು ಹೆಸರು ಬದಲಿಸಿಕೊಂಡು ಪಟ್ಟವೇರಿದ. ಅವನಿಗೆ ಯಾರೂ ಬೆಣ್ಣೆಯ ಕಥೆ ಕಟ್ಟಲಿಲ್ಲ. ಆ ಹೊತ್ತಿಗೆ ಆಂಡಲರ ಜೊತೆಯಲ್ಲಿ ಬರೆದಿಡುವವರೂ ಬಂದಿದ್ದರು.